ಮಾಹಿತಿ ಯಾರಪ್ಪನ ಸೊತ್ತು?

ಶಾಮನೂರು ರಸ್ತೆಯ ಒಂದು ಚಾದಂಗಡಿಯಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಕೂತಿದ್ದಾಗ ಪರಿಚಯದ ಹುಡುಗನೊಬ್ಬ ಬಂದು ಒಂದು ಆಮಂತ್ರಣ ಪತ್ರಿಕೆ ಕೈಗಿಟ್ಟ. ಕೂಲಿಯವರ ಮಗ. ಹಾಸ್ಟೆಲಿನ ಅನ್ನ ಉಂಡು ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದಲ್ಲಿ ಸ್ನಾತಕೋತ್ತರ ಓದುತ್ತಿದ್ದಾನೆ. 'ವಿಶೇಷ ಉಪನ್ಯಾಸ ಐತಿ ಸಾರ್. ಎಲ್ರೂ ಬರ್ಲೇಬೇಕಂತೆ, ಹಾಜರಾತಿ ಹಾಕ್ತಾರೆ. ನೀವೂ ಬರ್ರಿ' ಅಂದ. ಹೋದೆ. ಯಾವ ವಿಶ್ವವಿದ್ಯಾಲಯ ಅಂತ ಕೇಳಬೇಡಿ. ಹೆಸರು ಬದಲಾಯಿಸಿದರೆ ಎಲ್ಲವೂ ಅದೇ.

ಪ್ರಾರ್ಥನೆ, ದೀಪ, ಗಿಡಕ್ಕೆ ನೀರು, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಸ್ವಾಗತಕ್ಕೆ ಇಪ್ಪತ್ತು ನಿಮಿಷ, ವಂದನೆಗೆ ಹದಿನೈದು. ನಡುವೆ ಉಳಿದ ಹೊತ್ತಿನಲ್ಲಿ ದೊಡ್ಡ ಊರಿನಿಂದ ಬಂದ ವಿದ್ವಾಂಸರು ಮಾಹಿತಿ ಸ್ಫೋಟದ ಬಗ್ಗೆ, ಕೃತಕ ಬುದ್ಧಿಮತ್ತೆಯ ಬಗ್ಗೆ ಪರದೆಯ ಮೇಲೆ ಬಾಣ ಗುರುತು ಹಾಕಿ ತೋರಿಸಿದರು. ಒಬ್ಬ ಸಹಾಯಕ ಮೊಬೈಲ್ ಹಿಡಿದು ಸುತ್ತುತ್ತಿದ್ದ. ಅಕ್ಷಾಂಶ ರೇಖಾಂಶ ಮೂಡುವಂಥ ಫೋಟೊ ಬೇಕಂತೆ, ನ್ಯಾಕ್ ತಂಡಕ್ಕೆ ತೋರಿಸಲಿಕ್ಕೆ. ಕಾರ್ಯಕ್ರಮ ನಡೆದದ್ದು ಆ ಫೋಟೊಕ್ಕಾಗಿ ಅಂತ ನನಗೆ ಆಗಲೇ ಅನ್ನಿಸಿತು.

ಪ್ರಶ್ನೆ ಕೇಳಿ ಅಂದರು. ನಮ್ಮ ಹುಡುಗ ಎದ್ದ. 'ಸಾರ್, ನಮ್ಮಜ್ಜಗೆ ಸರ್ಕಾರ ಎರಡು ಎಕರೆ ಗ್ರಾಂಟ್ ಮಾಡಿತ್ತು. ಈಗ ಅದು ಬೇರೇರ ಕೈಯಾಗೈತಿ. ಗ್ರಾಂಟಿನ ಕಡತ ತಾಲ್ಲೂಕು ಕಚೇರಿಯಾಗೆ ಸಿಗ್ತಿಲ್ಲ ಅಂತಾರ. ಅದನ್ನ ಹುಡುಕೋ ದಾರಿ ನಮ್ಮ ಸಿಲಬಸ್‌ನಾಗೆ ಎಲ್ಲಿ ಬರ್ತತಿ?' ಸಭೆ ನಕ್ಕಿತು. ಅಧ್ಯಕ್ಷರು ಗಡಿಯಾರ ನೋಡಿ, 'ಇದು ಇಂದಿನ ವಿಷಯಕ್ಕೆ ಸಂಬಂಧಿಸಿದ್ದಲ್ಲ' ಅಂದರು.

ಸಂಬಂಧಿಸಿದ್ದಲ್ಲವೆ? ಗೆಳೆಯರೇ, ಇಡೀ ದಿನ ಆ ಹಾಲಿನಲ್ಲಿ ಮಾಹಿತಿಯ ಬಗ್ಗೆ ಬಂದ ಒಂದೇ ಒಂದು ಮಾತು ಅದು. ಉಳಿದದ್ದು ಬರೀ ಗಾಳಿ.

ದಲಿತರಿಗೆ ಮಂಜೂರಾದ ಜಮೀನನ್ನು ಪರಭಾರೆ ಮಾಡಬಾರದು, ಮಾಡಿದ್ದರೆ ಮರಳಿಸಬೇಕು ಅಂತ 1978ರಲ್ಲಿ ಈ ರಾಜ್ಯ ಪಿಟಿಸಿಎಲ್ ಕಾಯ್ದೆ ಮಾಡಿತು. 2017ರಲ್ಲಿ ಸುಪ್ರೀಂ ಕೋರ್ಟು, ಅರ್ಜಿ ಸಮಂಜಸವಾದ ಕಾಲದೊಳಗೆ ಬರಬೇಕು ಅಂದಿತು. ತಡವಾಗಿ ಎಚ್ಚೆತ್ತ ಬಡವನ ಕೇಸುಗಳು ಸಾಲುಸಾಲಾಗಿ ಬಿದ್ದವು. ಧರಣಿ ಕೂತು ಗಂಟಲು ಹರಿದುಕೊಂಡ ಮೇಲೆ 2023ರಲ್ಲಿ ತಿದ್ದುಪಡಿ ಬಂತು, ಕಾಲಮಿತಿ ಇಲ್ಲ ಅಂತಾಯಿತು. ಕಾನೂನೇನೋ ಗೆದ್ದೆವು. ಆದರೆ ಉಪವಿಭಾಗಾಧಿಕಾರಿಯ ಮುಂದೆ ನಿಂತವನನ್ನು ಮೊದಲು ಕೇಳುವುದು ಏನು? ಮಂಜೂರಾತಿ ಆದೇಶ ತೋರಿಸು. ಅದು ಇರುವುದು ರೆಕಾರ್ಡ್ ರೂಮಿನಲ್ಲಿ. ರೆಕಾರ್ಡ್ ರೂಮಿನ ಬಾಯಲ್ಲಿ ಎರಡೇ ಪದ: ಕಡತ ಲಭ್ಯವಿಲ್ಲ. ಗೆದ್ದಲು ತಿಂದದ್ದೋ, ಗೌಡ ತಿಂದದ್ದೋ, ಗುಮಾಸ್ತ ತಿಂದದ್ದೋ, ಯಾರೂ ಹೇಳಲ್ಲ. 'ಭೂಮಿ' ಯೋಜನೆಯಲ್ಲಿ ಪಹಣಿಗಳೆಲ್ಲ ಕಂಪ್ಯೂಟರಿಗೆ ಹೋದವು, ಜಗತ್ತೇ ಶಹಬ್ಬಾಸ್ ಅಂದಿತು. ಹೋದದ್ದು ಆವತ್ತು ಪಹಣಿಯಲ್ಲಿದ್ದ ಹೆಸರು. ಹೊಡೆದುಹಾಕಿದ ಹೆಸರು ಯಾವ ಕಂಪ್ಯೂಟರಿಗೂ ಹೋಗಲಿಲ್ಲ.

ಇನ್ನೊಂದು ಮಾತು ಕೇಳಿ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು, ಪ್ರತಿಯೊಂದು ಸರ್ಕಾರಿ ಕಚೇರಿಯೂ ತನ್ನ ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ತಯಾರಿಸಿ ಇಡಬೇಕು ಅನ್ನುತ್ತದೆ. ಪಟ್ಟಿ ಮಾಡುವುದು, ಸೂಚಿ ಮಾಡುವುದು. ಇದೇ ಅಲ್ಲವೆ ನೀವು ಎರಡು ವರ್ಷ ಕಲಿಸುವ ವಿದ್ಯೆ? ಕಾನೂನೇ ನಿಮಗೆ ಕೆಲಸ ತೋರಿಸಿಕೊಟ್ಟಿದೆ. ಈ ರಾಜ್ಯದ ತಾಲ್ಲೂಕು ಕಚೇರಿಗಳಲ್ಲಿ ಧೂಳು ತಿನ್ನುತ್ತಿರುವ ಗಂಟುಗಳಿಗಿಂತ ದೊಡ್ಡ ಪ್ರಯೋಗಶಾಲೆ ಬೇಕೆ? ಒಂದು ವಿಶೇಷ ಉಪನ್ಯಾಸವನ್ನು ಆ ಕೋಣೆಯಲ್ಲಿ ಇಡಿ ನೋಡೋಣ. ಮುಖ್ಯ ಅತಿಥಿಯಾಗಿ ಶಿರಸ್ತೇದಾರರನ್ನೇ ಕರೆಯಿರಿ. ಅಲ್ಲಿಯೂ ಫೋಟೊ ಬರುತ್ತದೆ, ಅಕ್ಷಾಂಶ ರೇಖಾಂಶ ಸಮೇತ.

'ನಮ್ಮದು ಶುದ್ಧ ಶಾಸ್ತ್ರ, ರಾಜಕೀಯ ಬೆರೆಸಬೇಡಿ' ಅಂತ ಹಿರಿಯ ಪ್ರಾಧ್ಯಾಪಕರೊಬ್ಬರು ಊಟದ ಹೊತ್ತಿನಲ್ಲಿ ನನಗೆ ಬುದ್ಧಿ ಹೇಳಿದರು. ಶುದ್ಧ ಅನ್ನೋ ಪದ ಕೇಳಿದರೆ ನಮಗೆ ಮೈ ಉರಿಯುತ್ತದೆ, ಅದು ಬೇರೆ ಮಾತು. ಈ ಶಾಸ್ತ್ರದ ಹುಟ್ಟನ್ನೇ ನೋಡೋಣ. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಲೋಕದ ಅರಿವನ್ನೆಲ್ಲ ಹತ್ತು ಭಾಗ ಮಾಡಿದ. ಧರ್ಮಕ್ಕೆ ಕೊಟ್ಟದ್ದು 200. ಅದರಲ್ಲಿ 220ರಿಂದ 289ರ ತನಕ ಎಲ್ಲವೂ ಕ್ರೈಸ್ತರದ್ದು. ಬುದ್ಧ, ಇಸ್ಲಾಂ, ಹಿಂದೂ, ಜೈನ, ಜಗತ್ತಿನ ಮಿಕ್ಕ ಧರ್ಮಗಳೆಲ್ಲ 290ರ ಒಂದೇ ಕೋಣೆಯಲ್ಲಿ. ಊರಿನ ಹೊರಗೆ ಕೇರಿ ಇದ್ದ ಹಾಗೆ! ನಮ್ಮ ಮೇಲೆ ಬರೆದ ಪುಸ್ತಕಕ್ಕೆ ಅಂಟಿಸುವ ಸಂಖ್ಯೆ 305.5688. ಸಮಾಜ ಹೊರಗಿಟ್ಟವರಿಗೆ ಅಂತಲೇ ಇರುವ ಸಂಖ್ಯೆ ಅದು. ಇದೇ ಮಹಾನುಭಾವ ಕಟ್ಟಿದ ಲೇಕ್ ಪ್ಲಾಸಿಡ್ ಕ್ಲಬ್ಬಿಗೆ ಯೆಹೂದಿಗಳಿಗೆ ಪ್ರವೇಶ ಇರಲಿಲ್ಲ. ಅಂದರೆ ಅವನಿಗೂ ಒಂದು ಮಡಿ ಇತ್ತು. 2019ರಲ್ಲಿ ಅಮೆರಿಕದ ಗ್ರಂಥಾಲಯ ಸಂಘವೇ ತನ್ನ ಪದಕದಿಂದ ಅವನ ಹೆಸರು ಕಿತ್ತು ಹಾಕಿತು. ಆ ದಿನ ಪರದೆಯ ಮೇಲೆ ಡ್ಯೂಯಿಯ ಗಡ್ಡದ ಚಿತ್ರ ಬಂತು, ಈ ಮಾತು ಮಾತ್ರ ಬರಲಿಲ್ಲ.

ಹಾಗಂತ ಎಲ್ಲರನ್ನೂ ಒಂದೇ ಗುಂಡಿಗೆ ತಳ್ಳಲಾರೆ. ಎಸ್. ಆರ್. ರಂಗನಾಥನ್ ಮದರಾಸಿನಲ್ಲಿ ಗಣಿತ ಹೇಳುತ್ತಿದ್ದವರು, 1924ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಪಾಲರಾದರು. ಆಮೇಲೆ ಬೆಂಗಳೂರಿಗೆ ಬಂದು 1962ರಲ್ಲಿ ಡಿಆರ್‌ಟಿಸಿ ಕಟ್ಟಿದರು. ಮೇಲ್ಜಾತಿಯಲ್ಲೇ ಹುಟ್ಟಿದವರು. ಆದರೂ ಅವರ ಸೂತ್ರಗಳ ಸಾರ ಏನು? ಪುಸ್ತಕ ಪೂಜೆಗಲ್ಲ, ಬಳಕೆಗೆ. ಓದುಗ ಯಾರೇ ಆಗಲಿ, ಅವನಿಗೆ ಬೇಕಾದ್ದು ಅವನಿಗೆ ಸಿಗಬೇಕು. ಅವರು ಇದನ್ನು ಬರೆದ 1931ರಲ್ಲೇ ತಂಜಾವೂರು ಸೀಮೆಯ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಪುಸ್ತಕ ಹೇರಿ ಹಳ್ಳಿಗಳಿಗೆ ಕಳಿಸಿದ್ದರು, ಆ ಗಾಡಿಗೆ ಚಾಲನೆ ಕೊಟ್ಟವರು ಇದೇ ರಂಗನಾಥನ್. ಈಗ ಪ್ರತಿ ಆಗಸ್ಟ್ 12ಕ್ಕೆ ಅವರ ಫೋಟೊಕ್ಕೆ ಹಾರ ಹಾಕುವವರು ಎತ್ತಿನ ಗಾಡಿ ಬೇಡ, ಸಿಟಿ ಬಸ್ಸು ಹತ್ತಿಯಾದರೂ ಹರಿಹರದ ತನಕ ಬಂದಿದ್ದಾರೆಯೆ?

ಹರಿಹರ ಯಾಕೆ ಅಂದೆ ಅಂದರೆ, ಅಲ್ಲಿ 1938ರಲ್ಲಿ ಹುಟ್ಟಿದವರು ಪ್ರೊ. ಬಿ. ಕೃಷ್ಣಪ್ಪ. ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. 1973ರ ನವೆಂಬರಿನಲ್ಲಿ ಮೈಸೂರಿನ ಒಂದು ಸಭೆಯಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದಾಗ ರಾಜ್ಯದ ಕಾಲೇಜುಗಳು ಹೊತ್ತಿ ಉರಿದವು, ಹಾಸ್ಟೆಲುಗಳಲ್ಲಿದ್ದ ನಮ್ಮ ಹುಡುಗರಿಗೆ ಏಟು ಬಿದ್ದವು, ಮಂತ್ರಿ ರಾಜೀನಾಮೆ ಕೊಟ್ಟರು. ಉಪನ್ಯಾಸ ಅಂದರೆ ಅದು! ಒಂದು ಪದಕ್ಕೆ ಇಡೀ ನಾಡು ಮಗ್ಗುಲು ಬದಲಾಯಿಸಿತು. ಆ ಏಟು ತಿಂದ ಹುಡುಗರನ್ನು ಕೂಡಿಸಿಕೊಂಡು ಕೃಷ್ಣಪ್ಪನವರು, ಅವರ ಜೊತೆಗಾರರು ದಲಿತ ಸಂಘರ್ಷ ಸಮಿತಿ ಕಟ್ಟಿದರು. 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆಗೆ ಅಡ್ಡ ನಿಂತರು.

ಈ ಎಲ್ಲದರ ಕಾಗದ ಎಲ್ಲಿ? ಸೈಕ್ಲೋಸ್ಟೈಲ್ ಮಾಡಿದ ಕರಪತ್ರ, ಗೋಡೆಗೆ ಅಂಟಿಸಿದ ಭಿತ್ತಿಪತ್ರ, ಜಾಥಾದ ಹಾಡಿನ ಪುಸ್ತಿಕೆ, 'ಪಂಚಮ', 'ಶೂದ್ರ'ದಂಥ ಪತ್ರಿಕೆಗಳ ಹಳೇ ಸಂಚಿಕೆ? ಇಲ್ಲಿ ನಮ್ಮ ಬೆನ್ನಿಗೂ ಒಂದು ಏಟು ಹಾಕಿಕೊಳ್ಳಬೇಕು. ನನ್ನ ಮನೆಯಲ್ಲೇ ಒಂದು ಟ್ರಂಕು ಕರಪತ್ರ ಇತ್ತು. ಮನೆ ಬದಲಾಯಿಸುವಾಗ ಭಾರ ಅಂತ ರದ್ದಿಗೆ ಹಾಕಿದೆ, ಕೇಜಿಗೆ ಇಷ್ಟು ಅಂತ. ಹೋರಾಟ ಮಾಡುವವನಿಗೆ ಕಾಗದ ಜೋಪಾನ ಮಾಡುವ ಪುರುಸೊತ್ತು ಎಲ್ಲಿ ಅಂತ ನೆಪ ಹೇಳಬಹುದು. ನೆಪವೇ ಅದು. ಆದರೆ ಸಂಬಳ ಎಣಿಸಿಕೊಂಡು ಇದೇ ವಿದ್ಯೆ ಕಲಿಸುವವರಿಗೆ ಆ ನೆಪವೂ ಇಲ್ಲವಲ್ಲ! ದಾವಣಗೆರೆಯ ಸಾಮಾನ್ಯ ಪದವಿ ಕಾಲೇಜುಗಳು 2009ರ ತನಕ ಕುವೆಂಪು ವಿಶ್ವವಿದ್ಯಾಲಯದ ಕೈಕೆಳಗಿದ್ದವು. ಅದರ ಶಂಕರಘಟ್ಟ ಇರುವುದೂ ಭದ್ರಾವತಿ ತಾಲ್ಲೂಕಿನಲ್ಲೇ, ಅಲ್ಲಿ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದ ವಿಭಾಗವೂ ಇದೆ. ಇಂಥ ಕೆಲಸಕ್ಕೆ ಇದಕ್ಕಿಂತ ಹತ್ತಿರದ ನೆಲ ಯಾವುದು? ಮುದುಕರಾದ ಕಾರ್ಯಕರ್ತರು ಇನ್ನೂ ಕೆಲವರು ಉಳಿದಿದ್ದಾರೆ. ಒಬ್ಬೊಬ್ಬ ವಿದ್ಯಾರ್ಥಿ ಒಬ್ಬೊಬ್ಬರ ಮನೆಯ ಅಟ್ಟ ಹತ್ತಲಿ. ಅದನ್ನೇ ಪ್ರಾಜೆಕ್ಟ್ ಅನ್ನಿ, ಅಂಕ ಕೊಡಿ.

ಹಳ್ಳಿ ಗ್ರಂಥಾಲಯಗಳ ಕಥೆ ಎತ್ತಿದರೆ ಈ ಸಂಚಿಕೆ ಸಾಲದು. ರಾಜ್ಯದಲ್ಲಿ ಐದು ಸಾವಿರಕ್ಕೂ ಮೇಲೆ ಪಂಚಾಯ್ತಿ ಗ್ರಂಥಾಲಯಗಳಿವೆ, 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದವು, ಅರಿವು ಕೇಂದ್ರ ಅಂತ ಬೋರ್ಡು ಬದಲಾಯಿತು. ಅಲ್ಲಿನ ಮೇಲ್ವಿಚಾರಕರು ಗೌರವಧನ ಅನ್ನೋ ಹೆಸರಿನ ಕೂಲಿಗೆ ವರ್ಷಗಟ್ಟಲೆ ದುಡಿದರು, ಬೀದಿಗಿಳಿದು ಕೂಗಿದರು. ನಿಮ್ಮ ವೇದಿಕೆಯ ಮೇಲೆ ಅವರಲ್ಲಿ ಒಬ್ಬರನ್ನು ಸಂಪನ್ಮೂಲ ವ್ಯಕ್ತಿ ಅಂತ ಕರೆದು ಕೂರಿಸಿದ್ದನ್ನು ನಾನಂತೂ ನೋಡಿಲ್ಲ.

ಸಂಜೆ ಹುಡುಗನೂ ನಾನೂ ಅದೇ ಚಾದಂಗಡಿಗೆ ಬಂದೆವು. ಅವನ ಜೇಬಿನಲ್ಲಿ ಭಾಗವಹಿಸಿದ ಪ್ರಮಾಣಪತ್ರ, ಸುರುಳಿ ಸುತ್ತಿದ್ದ. ಅದರ ಹಿಂಬದಿಯಲ್ಲೇ ಮಾಹಿತಿ ಹಕ್ಕಿನ ಅರ್ಜಿಯ ಕರಡು ಬರೆದೆವು: ಸರ್ವೆ ನಂಬರು, ಅಜ್ಜನ ಹೆಸರು, ಮಂಜೂರಾತಿ ವರ್ಷ, 4ನೇ ಕಲಮಿನ ಪ್ರಕಾರ ನಿಮ್ಮ ಕಚೇರಿಯ ದಾಖಲೆ ಸೂಚಿಯ ನಕಲು ಕೊಡಿ, ಕಡತ ನಾಶವಾಗಿದ್ದರೆ ನಾಶಪಡಿಸಿದ ಆದೇಶದ ನಕಲು ಕೊಡಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ತರಲಿಕ್ಕೆ ಅವನು ಎದ್ದ. ನಿಮ್ಮ ಮನೆಯದು ಬಿಪಿಎಲ್ ಕಾರ್ಡು ತಾನೆ, ಅದರ ನಕಲು ಇಟ್ಟರೆ ಶುಲ್ಕವೇ ಇಲ್ಲ ಅಂದೆ. ಮಾಹಿತಿ ವಿಜ್ಞಾನದ ಕೊನೇ ಸೆಮಿಸ್ಟರಿನ ಹುಡುಗ, 'ಹೌದಾ ಸಾರ್? ಇದನ್ನ ಯಾರೂ ಹೇಳಿರ್ಲಿಲ್ಲ' ಅಂದ.