ಬೈಸಿಕಲ್ಲಿನ ಮೇಲೆ ಮೋಟಾರಿನ ಮುದ್ರೆ

ಫೆರಾರಿ, ಪೋರ್ಷೆ, ಬುಗಾಟಿ, ಲಂಬೋರ್ಗಿನಿ ಮೊದಲಾದ ಶ್ರೀಮಂತರ ಮೋಟಾರುಗಳ ಹೆಸರನ್ನು ಧರಿಸಿದ ಬೈಸಿಕಲ್ಲುಗಳು ಈಚೆಗೆ ಮಾರಾಟಕ್ಕೆ ಬರುತ್ತಿರುವುದನ್ನು ವಾಚಕ ಮಹಾಶಯರು ಬಲ್ಲರು. ಇವನ್ನು ಕೊಳ್ಳುವುದು ಯುಕ್ತವೇ ಎಂದು ವಿದ್ಯಾವಂತ ಗೃಹಸ್ಥರಲ್ಲಿ ಕೆಲವರನ್ನು ಕೇಳಿದರೆ, "ಅಂತಹ ಮೋಟಾರನ್ನು ಮಾಡಬಲ್ಲವರು ಕೆಟ್ಟ ಬೈಸಿಕಲ್ಲಿಗೆ ತಮ್ಮ ಹೆಸರನ್ನು ಕೊಟ್ಟಾರೆಯೇ? ಎರಡು ಚಕ್ರದ ಗಾಡಿಯೇನು ಮಹಾ!" ಎಂದು ಉತ್ತರಿಸುತ್ತಾರೆ. ಈ ಮಾತು ಕಿವಿಗೆ ಯುಕ್ತಿಯುಕ್ತವಾಗಿ ತೋರುತ್ತದೆ, ವಿಚಾರಕ್ಕೆ ನಿಲ್ಲುವುದಿಲ್ಲ.

ನಮ್ಮ ವೈಯಾಕರಣರು ನಾಮಪದಗಳನ್ನು ರೂಢ, ಅಂಕಿತ, ಅನ್ವರ್ಥ ಎಂದು ಮೂರು ಬಗೆಯಾಗಿ ವಿಂಗಡಿಸಿರುವರಷ್ಟೆ. ವ್ಯಾಪಾರ ಮಾಡುವವನನ್ನು ವ್ಯಾಪಾರಿಯೆಂದರೆ ಅದು ಅನ್ವರ್ಥ. ಮನೆಯಲ್ಲಿ ಕಾಸಿಲ್ಲದವನಿಗೆ ಕುಬೇರಪ್ಪನೆಂದು ಹೆಸರಿಟ್ಟರೆ ಅದು ಬರಿಯ ಅಂಕಿತ. ಮೋಟಾರಿನ ಮೇಲಿರುವ ಹೆಸರು ಅದನ್ನು ಮಾಡಿದ ಕೈಯನ್ನೂ ಕೌಶಲವನ್ನೂ ತಿಳಿಸುವುದರಿಂದ ಒಂದು ವಿಧದಲ್ಲಿ ಅನ್ವರ್ಥವೆನ್ನಬಹುದು. ಅದೇ ಹೆಸರು ಬೈಸಿಕಲ್ಲಿನ ಮೇಲೆ ಬಂದು ಕುಳಿತಾಗ ಬಹುಮಟ್ಟಿಗೆ ಕುಬೇರಪ್ಪನ ಹೆಸರಿನಂತಾಗುತ್ತದೆ.

ಇದು ಬರಿಯ ಚಮತ್ಕಾರವಲ್ಲ. 2021ರಲ್ಲಿ ಪೋರ್ಷೆಯವರು ಹೊರತಂದ ವಿದ್ಯುತ್ ಬೈಸಿಕಲ್ಲುಗಳು ರೋಟ್‌ವೈಲ್ಡ್ ಎಂಬ ಜರ್ಮನ್ ಬೈಸಿಕಲ್ ತಯಾರಕರ ಸಹಕಾರದಿಂದ ಸಿದ್ಧವಾದವು. ಅವುಗಳ ವಿದ್ಯುದ್ಯಂತ್ರವು ಜಪಾನಿನ ಶಿಮಾನೋ ಕಂಪನಿಯದು. 2017ರಲ್ಲಿ ಫೆರಾರಿ ಪಂದ್ಯತಂಡದ ಹೆಸರಿನ ಬೈಸಿಕಲ್ಲನ್ನು ನಿರ್ಮಿಸಿದವರು ಇಟಲಿಯ ಬಿಯಾಂಕಿಯವರು. 1885ರಿಂದ ಆ ಮನೆತನದ ಕಸಬೇ ಬೈಸಿಕಲ್ಲು. 2018ರಲ್ಲಿ ಲಂಬೋರ್ಗಿನಿಯ ಹೆಸರಿನಲ್ಲಿ ಕೇವಲ 25 ಬೈಸಿಕಲ್ಲುಗಳು, ಒಂದೊಂದಕ್ಕೆ 20,000 ಡಾಲರಿನಂತೆ, ಹೊರಬಂದವು. ಅವು ಸೆರ್ವೆಲೋ ಎಂಬ ತಯಾರಕರು ಮೊದಲೇ ಮಾರುತ್ತಿದ್ದ ಬೈಸಿಕಲ್ಲೇ. ಮೋಟಾರಿನವರ ಪಾಲಿಗೆ ಬಂದದ್ದು ಮುಖ್ಯವಾಗಿ ಬಣ್ಣದ ಕೆಲಸ. ಬುಗಾಟಿಯ ಹೆಸರಿನದಂತೂ 2017ರಲ್ಲಿ 39,000 ಡಾಲರುಗಳಿಗೆ ಮಾರಾಟಕ್ಕೆ ಬಂದಿತು. ತೂಕ ಐದು ಕಿಲೋಗ್ರಾಮಿಗೂ ಕಡಮೆ, ಅದು ಸ್ತುತ್ಯವೇ. ಆದರೆ ಆ ಸ್ತುತಿಯು ಅದನ್ನು ಕಟ್ಟಿದ ಪಿಜಿ ಎಂಬ ಜರ್ಮನ್ ಬೈಸಿಕಲ್ ಸಂಸ್ಥೆಗೆ ಸಲ್ಲತಕ್ಕದ್ದು.

ಇವು ಕೆಟ್ಟ ಬೈಸಿಕಲ್ಲುಗಳೆಂದು ನಾವು ಹೇಳುತ್ತಿಲ್ಲ. ಒಳ್ಳೆಯವಾದರೆ ಆ ಒಳ್ಳೆಯತನವು ಬೈಸಿಕಲ್ ಮಾಡಿದವನದು. ಅವನ ಸ್ವಂತ ಹೆಸರಿನಲ್ಲಿ ಅದು ಕಡಮೆ ಬೆಲೆಗೆ ದೊರೆಯುತ್ತದೆ. ಹೆಚ್ಚಿನ ಹಣವು ಹೆಸರಿನ ಬಾಡಿಗೆ. ಮುದ್ರೆಯನ್ನು ಬಳಸಲು ಅನುಮತಿ ಪಡೆದವನು ಮೋಟಾರಿನವನಿಗೆ ಸಲ್ಲಿಸುವ ದ್ರವ್ಯವನ್ನು ತನ್ನ ಗಂಟಿನಿಂದ ಕೊಡುವನೆಂದು ಯಾವ ಗೃಹಸ್ಥನೂ ನಂಬಲಾರನು.

ಇನ್ನು "ಎರಡು ಚಕ್ರದ ಗಾಡಿಯೇನು ಮಹಾ" ಎಂಬ ತಾತ್ಸಾರಕ್ಕೂ ಉತ್ತರ ಹೇಳಬೇಕಾಗಿದೆ. ಇಂಗ್ಲೆಂಡಿನ ಕವೆಂಟ್ರಿ ನಗರದಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎಂಬಾತನು 1885ರಲ್ಲಿ ಹಿಂದಿನ ಚಕ್ರಕ್ಕೆ ಸರಪಳಿ ತೊಡಿಸಿದ, ನಾವು ಇಂದಿಗೂ ಗುರುತಿಸಬಹುದಾದ ರೂಪದ ಬೈಸಿಕಲ್ಲನ್ನು ರೋವರ್ ಎಂಬ ಹೆಸರಿನಿಂದ ಮಾರಿದನು. ಆ ಹೆಸರು ಮೋಟಾರಿಗೆ ಬಂದದ್ದು 1904ರಲ್ಲಿ. ಜರ್ಮನಿಯ ಓಪೆಲ್ ಕಾರ್ಖಾನೆಯು 1862ರಲ್ಲಿ ಹೊಲಿಗೆಯ ಯಂತ್ರದಿಂದ ಮೊದಲಾಗಿ, 1886ರಲ್ಲಿ ಬೈಸಿಕಲ್ಲಿಗೂ 1899ರಲ್ಲಿ ಮೋಟಾರಿಗೂ ಕೈಯಿಕ್ಕಿತು. ನಮ್ಮ ರಸ್ತೆಗಳಲ್ಲಿಯೂ ಓಡಾಡುವ ಸ್ಕೋಡಾ ಮೋಟಾರಿನ ಮೂಲವು ಬೊಹಿಮಿಯದಲ್ಲಿ ಲೌರಿನ್ ಮತ್ತು ಕ್ಲೆಮೆಂಟರು 1895ರಲ್ಲಿ ತೆರೆದ ಬೈಸಿಕಲ್ ಅಂಗಡಿ. ಮೋಟಾರೆಂಬುದು ಬೈಸಿಕಲ್ಲಿನ ಮನೆಯಲ್ಲಿ ಉಂಡು ಬೆಳೆದ ಕೂಸೆಂದರೂ ಸಲ್ಲುತ್ತದೆ. ಆಗ ಬೈಸಿಕಲ್ಲು ಮೋಟಾರಿಗೆ ಕೊಟ್ಟದ್ದು ವಿದ್ಯೆಯನ್ನು. ಈಗ ಮೋಟಾರು ಹಿಂದಕ್ಕೆ ಕೊಡುವುದು ಹೆಸರನ್ನು, ಅದನ್ನೂ ಕ್ರಯಕ್ಕೆ!

ಅಲ್ಲದೆ ಎರಡರ ವಿದ್ಯೆಯೂ ಒಂದಲ್ಲ. ಮೋಟಾರಿನಲ್ಲಿ ತೂಕ ಹೆಚ್ಚಿದರೆ ಯಂತ್ರ ಎಳೆಯುತ್ತದೆ. ಬೈಸಿಕಲ್ಲಿನಲ್ಲಿ ಯಂತ್ರವೆಂದರೆ ಸವಾರನ ಮೊಳಕಾಲು. ಕೊಳವೆಗಳು ಕೂಡುವ ಕೋನ, ಸೀಟಿಗೂ ಪೆಡಲಿಗೂ ಇರುವ ದೂರ, ಚಕ್ರದ ಕಡ್ಡಿಗಳ ಬಿಗಿತ, ಇವುಗಳಲ್ಲಿದೆ ಬೈಸಿಕಲ್ಲಿನ ಸಾರಸರ್ವಸ್ವ. ಆರಡಿಯವನಿಗೆ ಹೊಂದುವ ಚೌಕಟ್ಟು ಐದಡಿಯವನಿಗೆ ಹೊಂದದು. ಮೋಟಾರಿನ ಸೀಟನ್ನಾದರೋ ಹಿಂದೆ ಮುಂದೆ ಸರಿಸಿದರೆ ಸಾಕು.

ಇಲ್ಲಿ ಪ್ರತಿವಾದಿಯು 1992ರ ಬಾರ್ಸಿಲೋನಾ ಒಲಿಂಪಿಕ್ ಪಂದ್ಯವನ್ನು ಮುಂದಿಡಬಹುದು. ಆ ಪಂದ್ಯದಲ್ಲಿ ಕ್ರಿಸ್ ಬೋರ್ಡ್‌ಮನ್ ಎಂಬ ಆಂಗ್ಲ ಸವಾರನು ಲೋಟಸ್ ಮೋಟಾರಿನವರು ನಿರ್ಮಿಸಿದ ಬೈಸಿಕಲ್ಲನ್ನೇರಿ 4,000 ಮೀಟರಿನ ಸ್ಪರ್ಧೆಯಲ್ಲಿ ಸ್ವರ್ಣಪದಕವನ್ನು ಗೆದ್ದುದು ಸತ್ಯ. ಈ ಪೂರ್ವಪಕ್ಷವು ಬಲವಾದುದು. ಇದನ್ನು ಮರೆಮಾಚುವುದು ನ್ಯಾಯವಲ್ಲ. ಆದರೆ ಆ ಯಂತ್ರದ ಮೂಲ ಕಲ್ಪನೆಯು ಮೈಕ್ ಬರೋಸ್ ಎಂಬ ಬೈಸಿಕಲ್ ಶಿಲ್ಪಿಯದು. ಅದನ್ನು ಗಾಳಿಯ ಪರೀಕ್ಷೆಗೆ ಒಡ್ಡಿ ತಿದ್ದಿದವರು ಲೋಟಸ್ಸಿನ ಯಂತ್ರಜ್ಞರು. ಅವರು ನಿಜವಾಗಿ ದುಡಿದರು. ಆದುದರಿಂದ ಅಲ್ಲಿ ಆ ಹೆಸರು ಅನ್ವರ್ಥವೇ ಸರಿ. ನಮ್ಮ ಸಿದ್ಧಾಂತಕ್ಕೆ ಇದರಿಂದ ಬಾಧೆಯಿಲ್ಲ, ಪುಷ್ಟಿಯೇ ಇದೆ. ಮೇಲಾಗಿ ಅಂತಹ ಬೈಸಿಕಲ್ಲಿಗೆ ಬ್ರೇಕೇ ಇರದು. ಅದನ್ನೇರಿ ಸಂತೆಗೆ ಹೋಗುವ ಸಾಹಸವನ್ನು ಪ್ರತಿವಾದಿಗೇ ಬಿಡುತ್ತೇವೆ.

ನಮ್ಮ ಊರುಗಳ ಗೃಹಸ್ಥರನ್ನು ಕಾಡುವುದು ಬುಗಾಟಿಯಲ್ಲ. ದೊಡ್ಡ ಮೋಟಾರಿನ ಹೆಸರು ಮೆತ್ತಿದ ಅಗ್ಗದ ಮಡಿಚುವ ಬೈಸಿಕಲ್ಲು. ಇವುಗಳಲ್ಲಿ ಮುದ್ರೆಗೆ ಅನುಮತಿ ಪಡೆದದ್ದು ಯಾವುದು, ಕದ್ದು ಅಂಟಿಸಿದ್ದು ಯಾವುದು ಎಂಬುದನ್ನು ಕೊಳ್ಳುವವನು ಅಂಗಡಿಯಲ್ಲಿ ನಿಂತು ತಿಳಿಯುವ ಬಗೆಯಿಲ್ಲ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು, ಸಣ್ಣ ಸಂಬಳದ ಗುಮಾಸ್ತ, ಮಗನ ಹಟಕ್ಕೆ ಸೋತು ಕಂತಿನ ಮೇಲೆ ಇಂತಹದೊಂದನ್ನು ತಂದನು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ನಡುವಿನ ಕೀಲು ಸಡಿಲವಾಯಿತು. ರಿಮ್ಮಿನ ಬೆಂಡು ತೆಗೆಯುವುದರಲ್ಲಿ ನಿಪುಣನಾದ ನಮ್ಮೂರಿನ ಸೈಕಲ್ ರಿಪೇರಿಯವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಈ ಕೀಲು ನನ್ನಲ್ಲಿ ಸಿಗೋದಿಲ್ಲ ಮೇಷ್ಟ್ರೇ, ಪೇಟೆಯಲ್ಲೂ ಸಿಗೋದಿಲ್ಲ" ಎಂದನು. ಮಾರಿದವನು ಸರಬರಾಜು ಮಾಡಿದವನನ್ನು ತೋರಿಸಿದನು. ಅವನು ಯಾರನ್ನೂ ತೋರಿಸಲಿಲ್ಲ. ಕಂತು ಇನ್ನೂ ತೀರಿಲ್ಲ. ಹುಡುಗ ಶಾಲೆಗೆ ನಡೆದೇ ಹೋಗುತ್ತಿದ್ದಾನೆ.

1949ರಲ್ಲಿ ಮದ್ರಾಸಿನಲ್ಲಿ ಟಿ. ಐ. ಸಂಸ್ಥೆಯೂ 1956ರಲ್ಲಿ ಲೂಧಿಯಾನದಲ್ಲಿ ಹೀರೋ ಸಂಸ್ಥೆಯೂ ಬೈಸಿಕಲ್ಲಿನ ಕೆಲಸಕ್ಕೆ ತೊಡಗಿದವು. ಅವುಗಳ ಎಲ್ಲ ಮಾಲೂ ಉತ್ಕೃಷ್ಟವೆಂದು ನಾವು ಜಾಮೀನು ನಿಲ್ಲುವುದಿಲ್ಲ. ಆದರೆ ಹೆಸರಿಗೂ ಕೆಲಸಕ್ಕೂ ಅಲ್ಲಿ ಸಂಬಂಧವುಂಟು. ಚೈನೋ ಪೆಡಲೋ ಕೆಟ್ಟರೆ ತಾಲ್ಲೂಕಿನ ಪೇಟೆಯಲ್ಲಿ ಬದಲು ದೊರೆಯುತ್ತದೆ.

ಆದುದರಿಂದ ಮುದ್ರೆಯ ಬೈಸಿಕಲ್ಲನ್ನು ನೋಡಲು ಹೋದವರು ಅಂಗಡಿಯವನನ್ನು ಇಷ್ಟು ಕೇಳಲಿ: ಚೌಕಟ್ಟನ್ನು ಮಾಡಿದವರಾರು? ಹುಡುಗನ ಎತ್ತರಕ್ಕೆ ಹೊಂದುವ ಅಳತೆ ಇದೆಯೇ? ಕೀಲು ಮುರಿದರೆ ಯಾವ ಊರಿನಲ್ಲಿ ಸಿಕ್ಕುತ್ತದೆ? ಇವಕ್ಕೆ ಉತ್ತರ ಬಂದರೆ ಬೆಲೆಯ ಮಾತಾಡಬಹುದು. "ಹೆಸರು ನೋಡಿ ಸ್ವಾಮಿ" ಎಂದಷ್ಟೇ ಅಂದರೆ ಪಕ್ಕದ ಅಂಗಡಿಯೂ ತೆರೆದಿರುತ್ತದೆ.