ಶಾಲು ಹೊದಿಸಿದ್ದು ಸಾಕು

ಆಗಸ್ಟ್ 4 ಮತ್ತೆ ಬಂದು ಹೋಯಿತು. ಸಂತ ಜಾನ್ ವಿಯಾನ್ನಿಯ ಹಬ್ಬ, ಅಂದರೆ ನಮ್ಮಲ್ಲಿ ಫಾದರ್‌ಗಳಿಗೆ ಶಾಲು ಹೊದಿಸುವ ದಿನ. ಗೇಟಿಗೆ ಫ್ಲೆಕ್ಸು, ಪೂಜೆಯ ಕೊನೆಗೆ ಹಾರ, ಮಕ್ಕಳ ಡ್ಯಾನ್ಸು. ಆರ್ಸ್ ಗ್ರಾಮದ ಆ ಗುರು ದಿನಕ್ಕೆ ಹದಿನಾರು ಗಂಟೆ ಪಾಪನಿವೇದನೆ ಕೇಳುತ್ತಿದ್ದರೆಂದು ಭಾಷಣಕಾರರೆಲ್ಲ ಕೊಂಡಾಡಿದರು. 1818ರಲ್ಲಿ ಆ ಪುಟ್ಟ ಫ್ರೆಂಚ್ ಹಳ್ಳಿಗೆ ಬಂದವರು ಅಲ್ಲಿಂದ ಒಂದಲ್ಲ, ಹಲವು ಸಲ ತಪ್ಪಿಸಿಕೊಂಡು ಹೋಗಲು ನೋಡಿದ್ದರು, 1853ರಲ್ಲಂತೂ ರಾತ್ರೋರಾತ್ರಿ ಹೊರಟವರನ್ನು ಊರವರೇ ಅಡ್ಡಗಟ್ಟಿ ನಿಲ್ಲಿಸಿದರು ಎಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳಲಿಲ್ಲ. 1929ರಲ್ಲಿ ಹನ್ನೊಂದನೇ ಪಿಯುಸ್ ಧರ್ಮಕೇಂದ್ರದ ಗುರುಗಳಿಗೆ ಪಾಲಕಸಂತರೆಂದು ಕೊಟ್ಟಿದ್ದು ಇವರನ್ನೇ!

ಗುರುಗಳ ಒಂಟಿತನದ ಮಾತೆತ್ತಿದರೆ ಸಾಕು, ಕೆಲವು ಸಹೋದರ ಪತ್ರಿಕೆಗಳು ಮದುವೆಗೆ ಅನುಮತಿ ಕೊಡಿ ಎಂದು ಶುರುಮಾಡುತ್ತವೆ. ಆ ಚರ್ಚೆ ನಡೆಯಲಿ, ನಮ್ಮ ತಕರಾರಿಲ್ಲ. ಪೌರಸ್ತ್ಯ ಕಥೋಲಿಕ ಸಭೆಗಳಲ್ಲಿ ಸಂಸಾರಸ್ಥ ಗುರುಗಳು ಇದ್ದೇ ಇದ್ದಾರೆ. ಆದರೆ ರೋಮಿನ ತೀರ್ಮಾನ ಬರುವ ತನಕ ಇವತ್ತಿನ ರಾತ್ರಿಯೂಟ ಯಾರ ಜೊತೆ? ಸೆಮಿನರಿಯಲ್ಲಿ ಗಂಟೆ ಹೊಡೆದೊಡನೆ ಎಲ್ಲರೊಂದಿಗೆ ಎದ್ದು, ಎಲ್ಲರೊಂದಿಗೆ ಉಂಡು ವರ್ಷಗಟ್ಟಲೆ ಬೆಳೆದ ಕರಾವಳಿಯ ಹುಡುಗನನ್ನು ಬಯಲುಸೀಮೆಯ ಯಾವುದೋ ಧರ್ಮಕೇಂದ್ರಕ್ಕೆ ಒಬ್ಬನನ್ನೇ ಕಳಿಸುತ್ತೇವೆ. ಅಡಿಗೆಯಾಕೆ ಸಂಜೆ ಆರಕ್ಕೇ ಹಾಟ್‌ಬಾಕ್ಸಿನಲ್ಲಿ ಚಪಾತಿ ಮುಚ್ಚಿಟ್ಟು ಮನೆಗೆ ಹೋಗುತ್ತಾಳೆ. ಆಮೇಲೆ ಅಷ್ಟು ದೊಡ್ಡ ಬಂಗಲೆಯಲ್ಲಿ ಫಾದರ್ ಮತ್ತು ಮೊಬೈಲು. ಯಾರದಾದರೂ ಮನೆಯಲ್ಲಿ ಎರಡು ಸಲ ಊಟಕ್ಕೆ ಕೂತರೋ, ಮೂರನೆಯದಕ್ಕೆ ಮುಂಚೆಯೇ ಬಿಷಪರಿಗೆ ಮೂಗರ್ಜಿ ಹೋಗಿರುತ್ತದೆ. ಬರೆದವರೇ ಆಗಸ್ಟಿನಲ್ಲಿ ಶಾಲಿಗೆ ಚಂದಾ ಎತ್ತುತ್ತಾರೆ.

ಬಿಷಪರಿಗೂ ಒಂದು ಮಾತು. ಗುರುಗಳು ಸಾಧ್ಯವಾದಲ್ಲಿ ಒಂದೇ ಮನೆಯಲ್ಲಿರಲಿ, ಇಲ್ಲವೇ ಒಂದೇ ಪಂಕ್ತಿಯಲ್ಲಿ ಉಣ್ಣಲಿ, ಕಡೇಪಕ್ಷ ಆಗಾಗ ಕೂಡಲಿ ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿತು. 1983ರ ಧರ್ಮಸಭೆಯ ಕಾನೂನುಸಂಹಿತೆ 280ನೇ ವಿಧಿಯಲ್ಲಿ ಸಹಜೀವನಕ್ಕೆ ಒತ್ತುಕೊಟ್ಟಿತು. ನಾವು ಮಾಡಿಕೊಂಡದ್ದು ವರ್ಷಕ್ಕೊಂದು ಧ್ಯಾನಕೂಟ, ನಡುವೆ ಆಪ್ತಸಲಹೆಯ ಹೆಸರಿನಲ್ಲಿ ಪವರ್‌ಪಾಯಿಂಟಿನ ಶಿಬಿರ. ತನ್ನ ವರ್ಗಾವಣೆ ಯಾರ ಕೈಯಲ್ಲಿದೆಯೋ ಅವರೇ ಮುಂದಿನ ಸಾಲಿನಲ್ಲಿ ಕೂತಿರುವಾಗ ಯಾವ ಗುರು ಮನಸ್ಸು ಬಿಚ್ಚಿಯಾನು?

ಗುರುಗಳೇ ಸಾಲದು, ಒಂದೊಂದು ಊರಿಗೆ ಇಬ್ಬಿಬ್ಬರನ್ನು ಎಲ್ಲಿಂದ ತರೋಣ ಎನ್ನುವುದು ಹಳೆಯ ಸಬೂಬು. ಇಬ್ಬಿಬ್ಬರನ್ನು ಕೇಳಿದವರು ಯಾರು? ಧರ್ಮಕೇಂದ್ರದ ಗುರು ಚರ್ಚಿನ ಪಕ್ಕದಲ್ಲೇ ವಾಸಿಸಬೇಕೆನ್ನುವ 533ನೇ ವಿಧಿಯೇ, ಸಕಾರಣವಿದ್ದರೆ ಹಲವು ಗುರುಗಳು ಸೇರಿ ಇರುವ ಮನೆಯಲ್ಲಿ ಇರಲು ಬಿಷಪರು ಒಪ್ಪಿಗೆ ಕೊಡಬಹುದು ಎನ್ನುತ್ತದೆ. ಹತ್ತು-ಹನ್ನೆರಡು ಕಿಲೋಮೀಟರ್ ಅಂತರದ ಎರಡು ಚರ್ಚುಗಳಿಗೆ ಒಂದೇ ಅಡಿಗೆಮನೆ ಧಾರಾಳ ಸಾಕು, ಬೈಕು ಹೇಗೂ ಇದೆ. ಖಾಲಿಯಾದ ಬಂಗಲೆಯಲ್ಲಿ ಊರ ಮಕ್ಕಳಿಗೆ ಟ್ಯೂಷನ್ ನಡೆಯಲಿ. ಮುಂದಿನ ವರ್ಗಾವಣೆ ಪಟ್ಟಿಯಲ್ಲೇ ಇದನ್ನು ಶುರುಮಾಡಬಹುದು. ಇದಕ್ಕೆ ರೋಮಿಗೆ ಕಾಗದ ಬರೆಯಬೇಕಾಗಿಲ್ಲ.

ಈ ಸಂಚಿಕೆಯ ವಿಶೇಷ ಪುಟಗಳು ಗುರುನಿಲಯದ ಬದುಕಿಗೆ ಮೀಸಲು. ಪ್ರತಿಕ್ರಿಯೆಗಳು ಬರಲಿ. ಹೆಸರು, ವಿಳಾಸ ಇಲ್ಲದ ಕಾಗದಗಳನ್ನು ಎಂದಿನಂತೆ ರದ್ದಿಗೆ ಹಾಕುತ್ತೇವೆ.