ಆ ಸಾಲ್ಯಾಗ ನಮ್ಮ ಹುಡುಗ್ರು ಇದ್ರೇನು?



ಕದರಮಂಡಲಗಿಗೆ ಹೊರಗಿನ ಜನ ಬರುವುದು ಕಾಂತೇಶನ ದರ್ಶನಕ್ಕೆ. ನಾವು ಹೋದದ್ದು ಕೇರಿಯ ಸಭೆಗೆ. ಸಭೆ ಸುರುವಾಗುವ ಮೊದಲು ಒಬ್ಬ ಹುಡುಗ ನೌಕರಿ ಪರೀಕ್ಷೆಯ ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಿದ್ದ: ಮುಂಬೈ ಕರ್ನಾಟಕದಲ್ಲಿ ಕನ್ನಡ ಶಾಲೆಗಳಿಗೆ ಜೀವ ತುಂಬಿದವರು ಡೆಪ್ಯೂಟಿ ಚನ್ನಬಸಪ್ಪ. ಪಕ್ಕದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದ ಅವನ ಅಜ್ಜಿ ಕೇಳಿದಳು: 'ಆ ಸಾಲ್ಯಾಗ ನಮ್ಮ ಹುಡುಗ್ರು ಇದ್ರೇನೋ ತಮ್ಮಾ?' ಹುಡುಗ ಹಾಳೆ ತಿರುವಿದ. ಉತ್ತರ ಇರಲಿಲ್ಲ.

ಚನ್ನಬಸಪ್ಪನವರು ದೊಡ್ಡ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಧಾರವಾಡದ ಸೀಮೆಯಲ್ಲಿ ಮರಾಠಿಯೇ ಶಾಲೆಯ ಭಾಷೆಯಾಗಿದ್ದ ಕಾಲ ಅದು. ಪುಣೆಯಲ್ಲಿ ಓದಿ ಬಂದ ಅವರು ಧಾರವಾಡದ ನಾರ್ಮಲ್ ಸ್ಕೂಲಿನ ಮುಖ್ಯಸ್ಥರಾದರು, ಆಮೇಲೆ ಶಿಕ್ಷಣ ಇಲಾಖೆಯ ಡೆಪ್ಯೂಟಿ ಇನ್‌ಸ್ಪೆಕ್ಟರ್. ಹುದ್ದೆಯೇ ಹೆಸರಿಗೆ ಅಂಟಿಕೊಂಡಿತು. ಕನ್ನಡದ ಮಕ್ಕಳು ಕನ್ನಡದಲ್ಲಿ ಕಲಿಯಬೇಕು ಎಂದು ಹಟ ಹಿಡಿದರು. ಮಾಸ್ತರರಿಗಾಗಿ 'ಮಠಪತ್ರಿಕೆ' ಹುಟ್ಟಿದ್ದು ಅವರ ಕಾಲದಲ್ಲೇ, 1865ರಲ್ಲಿ. ಶೇಕ್ಸ್‌ಪಿಯರನ ನಾಟಕವೊಂದನ್ನು 1871ರಲ್ಲಿ 'ನಗದವರನ್ನು ನಗಿಸುವ ಕಥೆ' ಎಂದು ಕನ್ನಡಕ್ಕೆ ತಂದರು. 1881ರಲ್ಲಿ ತೀರಿಕೊಂಡರು. ಒಬ್ಬ ಅಧಿಕಾರಿ ಮನಸ್ಸು ಮಾಡಿದರೆ ಇಲಾಖೆಯ ನಾಲಗೆಯನ್ನೇ ತಿರುಗಿಸಬಲ್ಲ ಎಂಬುದಕ್ಕೆ ಅವರ ಬದುಕು ಸಾಕ್ಷಿ. 'ಮೇಲಿನಿಂದ ಆದೇಶ ಬಂದಿಲ್ಲ' ಎಂದು ಕೈ ತೊಳೆದುಕೊಳ್ಳುವ ಸಾಹೇಬರು ಇದನ್ನು ನೋಡಿ ಕಲಿಯಲಿ.

ಈಗ ಅಜ್ಜಿಯ ಪ್ರಶ್ನೆ.

1856ರ ಜೂನ್. ಅದೇ ಧಾರವಾಡ. ಒಬ್ಬ ಮಹಾರರ ಹುಡುಗ ಸರ್ಕಾರಕ್ಕೆ ಅರ್ಜಿ ಬರೆದ: ಎಲ್ಲರಂತೆ ನಾನೂ ಫೀ ಕಟ್ಟುತ್ತೇನೆ, ಆದರೂ ಸರ್ಕಾರಿ ಶಾಲೆಯಲ್ಲಿ ನನ್ನನ್ನು ಸೇರಿಸಿಕೊಳ್ಳಲಿಲ್ಲ. ಧರ್ಮಕ್ಕೆ ಕೊಡಿ ಅಂತ ಕೇಳಲಿಲ್ಲ ಅವನು. ರೊಕ್ಕ ಕೊಡ್ತೀನಿ ಅಂದ! ಜುಲೈ 21ರಂದು ಮುಂಬೈ ಸರ್ಕಾರ ಉತ್ತರಿಸಿತು. ನ್ಯಾಯ ಹುಡುಗನ ಕಡೆಗೇ ಇದೆ ಎಂದು ಒಪ್ಪಿಕೊಂಡಿತು. ಒಪ್ಪಿಕೊಂಡು, ಒಬ್ಬಿಬ್ಬರ ಸಲುವಾಗಿ ಬಹುಕಾಲದ ಭಾವನೆಗಳಿಗೆ ಕೈ ಹಾಕಿದರೆ ಶಿಕ್ಷಣಕ್ಕೇ ಪೆಟ್ಟು ಬೀಳುತ್ತದೆ ಎಂದು ಬಾಗಿಲು ಮುಚ್ಚಿತು. ಆ ಹುಡುಗನ ಹೆಸರು ನಮ್ಮ ಪುಸ್ತಕಗಳಲ್ಲಿಲ್ಲ. ಪರೀಕ್ಷೆಗೆ ಅವನ ಮೇಲೆ ಪ್ರಶ್ನೆಯೂ ಬರುವುದಿಲ್ಲ.

ಬಂಗಾಳದಲ್ಲಾಗಿದ್ದರೆ ಈ ಹುಡುಗನನ್ನು ಹೊರಗಿಡುತ್ತಿರಲಿಲ್ಲ ಎಂದು 1857ರ ಜನವರಿಯಲ್ಲಿ ಭಾರತ ಸರ್ಕಾರ ಮುಂಬೈಗೆ ಬರೆಯಿತು. ಸರ್ಕಾರಿ ಶಾಲೆಗಳು ಎಲ್ಲ ವರ್ಗಕ್ಕೂ ತೆರೆದಿರಬೇಕು ಎಂದು 1858ರ ಏಪ್ರಿಲ್‌ನಲ್ಲಿ ಲಂಡನ್ನಿನಿಂದ ಕಂಪನಿಯ ಡೈರೆಕ್ಟರುಗಳ ಪತ್ರವೂ ಬಂತು. ಬಾಗಿಲು ತೆರೆಯಿತು, ಕಾಗದದ ಮೇಲೆ. ಇದನ್ನೆಲ್ಲ ಕೆದಕಿ ತೆಗೆದು 1928ರಲ್ಲಿ ಸೈಮನ್ ಕಮಿಷನ್ನಿನ ಮುಂದಿಟ್ಟವರು ಬಾಬಾಸಾಹೇಬ್ ಅಂಬೇಡ್ಕರ್. ಲೆಕ್ಕವನ್ನೂ ಅವರೇ ಕೊಟ್ಟರು. 1881-82ರಲ್ಲಿ ಇಡೀ ಮುಂಬೈ ಪ್ರಾಂತದ ಪ್ರಾಥಮಿಕ ಶಾಲೆಗಳಲ್ಲಿ ಕೆಳಜಾತಿ ಎನಿಸಿಕೊಂಡವರ ಮಕ್ಕಳು 2,862. ನೂರಕ್ಕೆ ಒಬ್ಬರೂ ಪೂರ್ತಿ ಇಲ್ಲ. ಮಿಡ್ಲ್ ಸ್ಕೂಲಿನಲ್ಲಿ 17. ಹೈಸ್ಕೂಲಿನಲ್ಲಿ ಸೊನ್ನೆ. ಕಾಲೇಜಿನಲ್ಲಿ ಸೊನ್ನೆ.

ಡೆಪ್ಯೂಟಿಯವರು ಕಣ್ಣು ಮುಚ್ಚಿದ ಹೊತ್ತಿಗೆ ಅವರ ಇಲಾಖೆಯ ಲೆಕ್ಕ ಇದು. ಹುಡುಗನನ್ನು ಹೊರಗಿಟ್ಟ ತೀರ್ಮಾನ ಅವರದಲ್ಲ, ಅದು ಸರ್ಕಾರದ್ದು. ಅವರ ಮೇಲೆ ಹೊರಿಸುವುದು ಅನ್ಯಾಯ. ಆದರೆ ಕನ್ನಡದ ಮಕ್ಕಳು ಎಂದಾಗ ಆ ಎಣಿಕೆಯಲ್ಲಿ ಯಾರ ಮಕ್ಕಳು ಬಂದರು, ಯಾರ ಮಕ್ಕಳು ಬರಲಿಲ್ಲ ಎಂದು ಕೇಳುವ ಹಕ್ಕು ನಮಗಿದೆ. ಕನ್ನಡಕ್ಕಾಗಿ ಇಲಾಖೆ ಬದಲಾಗಲು ಒಂದು ತಲೆಮಾರು ಸಾಕಾಯ್ತು. ನಮಗಾಗಿ? ಸರ್ಕಾರಿ ಹಣದ ಬಾವಿ, ಧರ್ಮಶಾಲೆ, ಶಾಲೆ ನಮಗೂ ಸಲ್ಲಬೇಕೆಂದು ಬೋಲೆಯವರು ಮುಂಬೈ ಶಾಸನಸಭೆಯಲ್ಲಿ ಠರಾವು ತಂದದ್ದು 1923ರಲ್ಲಿ. 1858ರ ಪತ್ರ ಬಂದು 65 ವರ್ಷವಾಗಿತ್ತು! ಧಾರವಾಡದಲ್ಲಿ ನಮ್ಮ ಹುಡುಗರಿಗೆ ಹಾಸ್ಟೆಲ್ ಆದದ್ದು ಇನ್ನೂ ಆಮೇಲೆ, 1920ರ ದಶಕದ ಕೊನೆಗೆ, ಅದೂ ಬಾಬಾಸಾಹೇಬರು ಬೆನ್ನು ಹತ್ತಿದ ಮೇಲೆ.

ನ್ಯಾಯ ನಿಮ್ಮ ಕಡೆ ಐತಿ, ಸ್ವಲ್ಪ ತಡೀರಿ. ಈ ಮಾತು ನಮಗೆ ಹೊಸದೇನು? ಸ್ಕಾಲರ್‌ಶಿಪ್ ಕೇಳಲು ಹೋದಾಗ, ಹಾಸ್ಟೆಲ್ ಊಟದ ದೂರು ಒಯ್ದಾಗ ಕಿಟಕಿಯ ಆಚೆಯಿಂದ ಇದನ್ನೇ ಕೇಳಿಸಿಕೊಂಡಿದ್ದೇವೆ. ನಿಮ್ಮಲ್ಲಿ ಕೆಲವರು ನಾಳೆ ಆ ಕಿಟಕಿಯ ಆಚೆ ಕೂರುತ್ತೀರಿ. ಬಿಇಓ ಆಗುತ್ತೀರಿ, ಡಿಡಿಪಿಐ ಆಗುತ್ತೀರಿ. ಆಗಲೇಬೇಕು. ಕುರ್ಚಿಗೆ ಕೂತವರಲ್ಲಿ ನಮ್ಮವರೇ ಕೆಲವರು ಕೇರಿಯ ದಾರಿ ಮರೆತದ್ದನ್ನೂ ನೋಡಿದ್ದೇವೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇವೆ.

ಸದ್ಯಕ್ಕೆ ಒಂದು ಕೆಲಸ. 1997ರಲ್ಲಿ ಹಾವೇರಿ ಜಿಲ್ಲೆಯಾಗುವವರೆಗೆ ಕದರಮಂಡಲಗಿಯೂ ಧಾರವಾಡ ಜಿಲ್ಲೆಯ ಊರೇ. ಈ ಭಾಗದ ಹುಡುಗ ಹುಡುಗಿಯರು ರಜೆಗೆ ಊರಿಗೆ ಹೋದಾಗ ಶಾಲೆಯ ಹೆಡ್‌ಮಾಸ್ತರರನ್ನು ಕಂಡು ಹಳೆಯ ದಾಖಲಾತಿ ರಜಿಸ್ಟರ್ ತೋರಿಸಲು ಕೇಳಿರಿ. ನಮ್ಮ ಕೇರಿಯ ಮೊದಲ ಮಗು ಯಾವ ವರ್ಷ ಸೇರಿತು, ಮೊದಲ ಹೆಣ್ಣುಮಗು ಯಾವ ವರ್ಷ, ಯಾವ ಇಯತ್ತೆಗೆ ಬಿಟ್ಟರು, ಬರೆದುಕೊಳ್ಳಿರಿ. ಮುಂದಿನ ಸಭೆಗೆ ತನ್ನಿರಿ. ಆ ಅಜ್ಜಿಗೆ ಹೇಳಬೇಕಾಗಿದೆ.